ಉಡಾಫೆ ಯಾರದು?

ಕನ್ನಡ ಪತ್ರಿಕೆಗಳ ಜಿಲ್ಲಾ ಪುಟಗಳನ್ನು ಓದುವವರಿಗೆ ಒಂದು ಶೀರ್ಷಿಕೆ ಚಿರಪರಿಚಿತ: 'ಅಧಿಕಾರಿಯಿಂದ ಉಡಾಫೆಯ ಉತ್ತರ'. ನಲ್ಲಿಯಲ್ಲಿ ವಾರದಿಂದ ನೀರಿಲ್ಲವೆಂದು ಬಡಾವಣೆಯ ಮಹಿಳೆಯರು ಪುರಸಭೆಗೆ ಹೋಗಿರುತ್ತಾರೆ. ಕುರ್ಚಿಯಲ್ಲಿ ಕುಳಿತಾತ ಮುಖವೆತ್ತಿ, 'ಮಳೆ ಬರಲಿ, ನೀರೂ ಬರುತ್ತದೆ' ಎಂದಿರುತ್ತಾನೆ. ಮರುದಿನ ಅದು ಸುದ್ದಿಯಾಗುತ್ತದೆ. ಅದೇ ಊರಿನ ಇನ್ನೊಂದು ಮನೆಯಲ್ಲಿ ಅದೇ ಹೊತ್ತಿಗೆ ತಂದೆಯೊಬ್ಬರು ಕಾಲೇಜಿಗೆ ಹೋಗುವ ಮಗನತ್ತ ಬೆರಳು ತೋರಿಸಿ, 'ಇವನಿಗೆ ಇತ್ತೀಚೆಗೆ ಉಡಾಫೆ ಜಾಸ್ತಿಯಾಗಿದೆ' ಎನ್ನುತ್ತಿರುತ್ತಾರೆ. ಮಗ ಮಾಡಿದ್ದೇನು? ಮಸೀದಿಯ ಲೆಕ್ಕಪತ್ರವನ್ನು ಸೂಚನಾ ಫಲಕದಲ್ಲಿ ಯಾಕೆ ಹಾಕುವುದಿಲ್ಲ ಎಂದು ಹಿರಿಯರೊಬ್ಬರಲ್ಲಿ ಕೇಳಿದ್ದಾನೆ.

ಒಂದೇ ಪದ. ಆದರೆ ಮೊದಲ ಸಂದರ್ಭದಲ್ಲಿ ಅದು ಉತ್ತರ ಕೊಡಬೇಕಾದವನ ಮೇಲಿನ ದೂರು. ಎರಡನೆಯ ಸಂದರ್ಭದಲ್ಲಿ ಪ್ರಶ್ನೆ ಕೇಳಿದವನ ಮೇಲಿನ ಆರೋಪ. ಇವೆರಡೂ ಸರಿಯಾದ ಬಳಕೆಗಳೇ? ವಾರಪತ್ರಿಕೆಯೊಂದರ ಸಂಪಾದಕೀಯದಲ್ಲಿ ಪದವೊಂದರ ಅರ್ಥವನ್ನು ಚರ್ಚಿಸುವ ಅಗತ್ಯವೇನಿದೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಯಾವ ಪದವನ್ನು ಯಾರ ಮೇಲೆ ಪ್ರಯೋಗಿಸುತ್ತೇವೆ ಎಂಬುದು ಬರೀ ವ್ಯಾಕರಣದ ವಿಷಯವಲ್ಲ. ಅದು ನ್ಯಾಯದ ವಿಷಯವೂ ಹೌದು.

ಗಾಂಭೀರ್ಯದ ಕೊರತೆಯನ್ನು ಹೇಳಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. 'ಅಸಡ್ಡೆ' ಎನ್ನುತ್ತೇವೆ. ಅದು ಸಂಸ್ಕೃತದ ಅಶ್ರದ್ಧೆಯೇ ಕನ್ನಡದ ಬಾಯಲ್ಲಿ ಸವೆದು ಬಂದ ರೂಪ. ಕೆಲಸದಲ್ಲಿ ಶ್ರದ್ಧೆಯಿಲ್ಲ ಎಂದರ್ಥ. 'ಉದಾಸೀನ' ಎಂದರೆ ಮೂಲತಃ ಬದಿಗೆ ಸರಿದು ಕುಳಿತವನು. ಅವನು ಯಾವ ಪಕ್ಷಕ್ಕೂ ಸೇರದವನು. 'ನಿರ್ಲಕ್ಷ್ಯ' ಎಂದರೆ ಲಕ್ಷ್ಯವೇ ಇಲ್ಲದಿರುವುದು. ಈ ಮೂರರಲ್ಲೂ ಮನುಷ್ಯನು ವಿಷಯದ ಕಡೆಗೆ ನೋಡುತ್ತಿಲ್ಲ. ಉಡಾಫೆ ಹಾಗಲ್ಲ. ಉಡಾಫೆಯ ಮನುಷ್ಯ ನಿಮ್ಮನ್ನು ನೋಡುತ್ತಾನೆ, ನೀವು ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾನೆ, ಉತ್ತರವನ್ನೂ ಕೊಡುತ್ತಾನೆ. ಆದರೆ ಆ ಉತ್ತರದಿಂದ ನಿಮ್ಮ ಪ್ರಶ್ನೆಯ ತೂಕವನ್ನೆಲ್ಲ ತೆಗೆದುಬಿಡುತ್ತಾನೆ. ನೀವು ಹೊತ್ತು ತಂದ ಸಂಕಟ ಅವನ ಮೇಜಿನ ಮೇಲೆ ಹತ್ತಿಯಂತೆ ಹಗುರವಾಗಿಬಿಡುತ್ತದೆ. 'ಉಡಾಫೆ' ಎಂಬ ಪದದ ಪಕ್ಕದಲ್ಲಿ 'ಉತ್ತರ' ಎಂಬ ಪದ ಇಷ್ಟು ಸಲ ಬರುವುದಕ್ಕೆ ಇದೇ ಕಾರಣವಿರಬೇಕು. 'ಅಸಡ್ಡೆಯ ಉತ್ತರ' ಎಂದು ನಾವು ಅಷ್ಟಾಗಿ ಹೇಳುವುದಿಲ್ಲ. 'ಉಡಾಫೆಯ ಉತ್ತರ' ಎಂದು ದಿನವೂ ಹೇಳುತ್ತೇವೆ.

ನಮ್ಮ ಅನೇಕ ಮನೆಗಳಲ್ಲಿ ಆಡುವ ಉರ್ದುವಿನಲ್ಲಿ ಗಂಭೀರ ಸ್ವಭಾವದವರನ್ನು 'ಸಂಜೀದಾ' ಎನ್ನುತ್ತಾರೆ. ಪಾರ್ಸಿಯಲ್ಲಿ 'ಸಂಜೀದನ್' ಎಂದರೆ ತೂಗುವುದು. ಮಾತನ್ನು ಆಡುವ ಮೊದಲು ತೂಗಿ ನೋಡುವವನೇ ಸಂಜೀದಾ. ಕನ್ನಡವೂ ಇದೇ ತಕ್ಕಡಿಯನ್ನು ಬಳಸುತ್ತದೆ: 'ತೂಕದ ಮಾತು', 'ಹಗುರವಾದ ಮಾತು'. ಇನ್ನೊಂದು ಪದ ಇದಕ್ಕಿಂತಲೂ ಮುಖ್ಯ. ಅದು 'ಜವಾಬ್ದಾರಿ'. ಜವಾಬು ಎಂದರೆ ಉತ್ತರ. ಜವಾಬುದಾರ ಎಂದರೆ ಉತ್ತರವನ್ನು ಹೊತ್ತವನು, ಕೇಳಿದಾಗ ಕೊಡಬೇಕಾದವನು. ಪಂಚಾಯತಿ ಕಚೇರಿಯಿಂದ ಮಸೀದಿಯ ಸಮಿತಿಯವರೆಗೆ ಎಲ್ಲರೂ ಈ ಪದವನ್ನು ಬಳಸುತ್ತಾರೆ. ಆದರೆ ಅದರೊಳಗೆ 'ಉತ್ತರ' ಕುಳಿತಿರುವುದನ್ನು ಮರೆಯುತ್ತಾರೆ. ಅಧಿಕಾರವೆಂದರೆ ಪ್ರಶ್ನೆ ಕೇಳುವ ಹಕ್ಕು ಎಂದು ತಿಳಿದವರಿಗೆ, ಅದು ಉತ್ತರ ಕೊಡುವ ಸಾಲ ಎಂಬುದು ಹೊಳೆಯುವುದೇ ಇಲ್ಲ.

ಹಾಗಾದರೆ ಉಡಾಫೆ ಎಂದು ಹೇಳಬೇಕಾದರೆ ಎರಡು ಸಂಗತಿಗಳಿರಬೇಕು. ಒಂದು, ಉತ್ತರ ಕೊಡುವ ಹೊಣೆ ಆತನ ಮೇಲಿರಬೇಕು. ಎರಡು, ಆತನು ಆ ಹೊಣೆಯನ್ನು ಹಗುರವಾದ ಮಾತಿನಿಂದ ಕಳಚಿಕೊಂಡಿರಬೇಕು. ಈ ಅಳತೆಯಿಂದ ನೋಡಿದರೆ ನಗುವುದೆಲ್ಲ ಉಡಾಫೆಯಾಗುವುದಿಲ್ಲ, ಬಿಗಿದ ಮುಖವೆಲ್ಲ ಗಾಂಭೀರ್ಯವಾಗುವುದಿಲ್ಲ. ಟಿ.ಪಿ. ಕೈಲಾಸಂ ಅವರ 'ಟೊಳ್ಳು ಗಟ್ಟಿ' ನಾಟಕವನ್ನು ಓದಿದವರಿಗೆ ಇದು ಗೊತ್ತು. ಪುಸ್ತಕದಲ್ಲಿ ಮುಖ ಹುದುಗಿಸಿದ ಮಗನನ್ನು ಮನೆಯವರು ಗಟ್ಟಿಯೆಂದು ನಂಬುತ್ತಾರೆ. ಪರೀಕ್ಷೆಯಲ್ಲಿ ಸೋತ ಇನ್ನೊಬ್ಬನನ್ನು ಪ್ರಯೋಜನವಿಲ್ಲದವನೆಂದು ತೀರ್ಮಾನಿಸುತ್ತಾರೆ. ಮನೆಗೆ ಕಷ್ಟ ಬಂದಾಗ ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ಬಯಲಾಗುತ್ತದೆ. ಕೈಲಾಸಂ ಅದನ್ನು ನಗಿಸುತ್ತಲೇ ಹೇಳಿದರು. ಅವರ ನಗು ಉಡಾಫೆಯಾಗಿರಲಿಲ್ಲ.

ನಿಜವಾದ ಉಡಾಫೆ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ದೇಶದ ಚರಿತ್ರೆಯಲ್ಲಿ ಭೋಪಾಲಕ್ಕಿಂತ ದೊಡ್ಡ ಪಾಠ ಬೇಕಿಲ್ಲ. 1981ರ ಡಿಸೆಂಬರ್‌ನಲ್ಲಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಫಾಸ್‌ಜೀನ್ ಎಂಬ ವಿಷಾನಿಲಕ್ಕೆ ಸಿಲುಕಿ ಕಾರ್ಮಿಕನೊಬ್ಬ ಮೃತಪಟ್ಟ. ಆತನ ಪರಿಚಯವಿದ್ದ ಯುವ ಪತ್ರಕರ್ತ ರಾಜ್‌ಕುಮಾರ್ ಕೇಸ್ವಾನಿ ಆ ಸಾವಿನ ಜಾಡು ಹಿಡಿದು ಹೊರಟರು. 1982ರಲ್ಲಿ 'ರಪಟ್' ಎಂಬ ತಮ್ಮ ಸಣ್ಣ ಹಿಂದಿ ವಾರಪತ್ರಿಕೆಯಲ್ಲಿ ಅವರು ಮತ್ತೆ ಮತ್ತೆ ಬರೆದರು: ಈ ನಗರ ಅಪಾಯದ ಬಾಯಲ್ಲಿದೆ, ಇದನ್ನು ಉಳಿಸಿ. ಅದೇ ವರ್ಷದ ಕೊನೆಗೆ ವಿಷಯ ಮಧ್ಯಪ್ರದೇಶದ ವಿಧಾನಸಭೆಗೂ ಬಂತು. ಉತ್ತರಿಸಬೇಕಾಗಿದ್ದ ಕಾರ್ಮಿಕ ಸಚಿವರು, 25 ಕೋಟಿ ರೂಪಾಯಿ ಹೂಡಿದ ಕಾರ್ಖಾನೆಯೇನೂ ಇಲ್ಲಿಂದೆತ್ತಿ ಅಲ್ಲಿಡಲು ಸಣ್ಣ ಕಲ್ಲಲ್ಲ ಎಂಬರ್ಥದ ಮಾತಾಡಿ, ಭೋಪಾಲಕ್ಕೆ ಯಾವ ಅಪಾಯವೂ ಇಲ್ಲವೆಂದು ಭರವಸೆ ಕೊಟ್ಟರು. ಕೇಸ್ವಾನಿ 1984ರ ಜೂನ್‌ನಲ್ಲಿ 'ಜನಸತ್ತಾ' ಪತ್ರಿಕೆಯಲ್ಲಿ ಇನ್ನೊಮ್ಮೆ ಎಚ್ಚರಿಸಿದರು. ಆ ವರ್ಷದ ಡಿಸೆಂಬರ್ 2ರ ರಾತ್ರಿ ಕಾರ್ಖಾನೆಯ ತೊಟ್ಟಿಯಿಂದ ಮೀಥೈಲ್ ಐಸೋಸಯನೇಟ್ ಅನಿಲ ಹೊರಬಿತ್ತು. ಸರಕಾರವೇ ಪರಿಹಾರಕ್ಕಾಗಿ ಒಪ್ಪಿಕೊಂಡ ಸಾವುಗಳು ಐದು ಸಾವಿರಕ್ಕಿಂತ ಹೆಚ್ಚು. ಸತ್ತವರಲ್ಲಿ ಬಹಳ ಮಂದಿ ಕಾರ್ಖಾನೆಯ ಗೋಡೆಗೆ ತಾಗಿದ ಗುಡಿಸಲುಗಳ ಮತ್ತು ಹಳೆ ಭೋಪಾಲದ ಬಡವರು. 2010ರ ಜೂನ್ 7ರಂದು ಭೋಪಾಲದ ನ್ಯಾಯಾಲಯ ಕಂಪೆನಿಯ ಭಾರತೀಯ ಅಧಿಕಾರಿಗಳಿಗೆ ಎರಡು ವರ್ಷಗಳ ಸಜೆ ವಿಧಿಸಿತು. ಅವರು ಅದೇ ದಿನ ಜಾಮೀನು ಪಡೆದು ಮನೆಗೆ ಹೋದರು.

ಆ ಸಚಿವರಿಗೆ ಭೋಪಾಲದ ಜನರ ಮೇಲೆ ದ್ವೇಷವಿತ್ತು ಎನ್ನಲು ಯಾವ ಆಧಾರವೂ ಇಲ್ಲ. ಅವರು ಕಿವುಡರೂ ಆಗಿರಲಿಲ್ಲ, ಪ್ರಶ್ನೆ ಕೇಳಿಸಿತ್ತು. ಆದರೆ ಒಂದು ನಗರದ ಜೀವವನ್ನು ಒಂದು ಕಲ್ಲಿನ ಹೋಲಿಕೆಯಿಂದ ಮುಗಿಸಿಬಿಟ್ಟರು. ದ್ವೇಷವನ್ನು ಗುರುತಿಸುವುದು ಸುಲಭ, ಅದರ ವಿರುದ್ಧ ಜನ ಎದ್ದು ನಿಲ್ಲುತ್ತಾರೆ. ಉಡಾಫೆಗೆ ಸದನದಲ್ಲಿ ಸದ್ದಿಲ್ಲದೆ ಜಾಗ ಸಿಗುತ್ತದೆ.

ಭೋಪಾಲ ದೂರವಾಯಿತು ಎನ್ನುವವರಿಗೆ ನಮ್ಮ ಗಡಿಯಲ್ಲೇ ಕಾಸರಗೋಡು ಇದೆ. ಅಲ್ಲಿನ ಸರಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೂ ಅದನ್ನು ಸಿಂಪಡಿಸಲಾಯಿತು. ಕನ್ನಡ ಮಾತಾಡುವ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಮಕ್ಕಳ ಕೈಕಾಲುಗಳು ಸೊಟ್ಟಗಾಗುತ್ತಿವೆ, ಮನೆಮನೆಯಲ್ಲೂ ಕಾಯಿಲೆಯಿದೆ ಎಂದು ಊರಿನ ವೈದ್ಯರು ಹೇಳಿದರು, ಪತ್ರಕರ್ತ ಶ್ರೀ ಪಡ್ರೆ ಬರೆದರು. ಹಳ್ಳಿಯವರ ಅನುಮಾನಕ್ಕೆ ವರ್ಷಗಟ್ಟಲೆ ಬೆಲೆ ಬರಲಿಲ್ಲ. ಕೊನೆಗೆ 2011ರ ಮೇ 13ರಂದು ಸುಪ್ರೀಂ ಕೋರ್ಟ್ ಈ ಕೀಟನಾಶಕವನ್ನು ದೇಶದಾದ್ಯಂತ ನಿಷೇಧಿಸಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಐದು ವರ್ಷಗಳು ಕಳೆದು 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಲೆಕ್ಕ ಕೇಳಿದಾಗ, 3,704 ಮಂದಿಯಲ್ಲಿ ಪರಿಹಾರ ಸಿಕ್ಕಿದ್ದು ಕೇವಲ 8 ಮಂದಿಗೆ. ನ್ಯಾಯಾಲಯದ ಆದೇಶಕ್ಕೇ ಇಂಥ ಉತ್ತರವಾದರೆ, ಪುರಸಭೆಯ ಬಾಗಿಲಲ್ಲಿ ನಿಂತ ವಿಧವೆಗೆ ಸಿಗುವ ಉತ್ತರದ ಬಗ್ಗೆ ಹೇಳಬೇಕಾದ್ದೇನಿದೆ?

ಆದರೂ ಒಂದು ಮಾತನ್ನು ಓದುಗರ ಗಮನಕ್ಕೆ ತರಬೇಕು. ಸರಕಾರಿ ಕಚೇರಿಯ ಉಡಾಫೆಗೆ ನಮ್ಮ ಕೈಯಲ್ಲಿ ಒಂದು ಮದ್ದು ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ಲಿಖಿತ ಅರ್ಜಿಗೆ 30 ದಿನಗಳೊಳಗೆ ಉತ್ತರ ಕೊಡಬೇಕು. ಸಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿವರೆಗೆ ದಂಡ ವಿಧಿಸಬಹುದು. ಬಾಯಿಮಾತಿನ ಪ್ರಶ್ನೆಯನ್ನು ಗಾಳಿಗೆ ತೂರುವುದು ಸುಲಭ. ಕಾಗದದ ಮೇಲಿನ ಪ್ರಶ್ನೆಗೆ ದಿನಾಂಕವಿರುತ್ತದೆ, ಮೊಹರಿರುತ್ತದೆ. ಕಚೇರಿಯಿಂದ ಬೇಸರದಿಂದ ಮರಳುವ ನಮ್ಮವರು ಮನೆಗೆ ಬಂದು ಗೊಣಗುವ ಬದಲು ಒಂದು ಅರ್ಜಿ ಬರೆಯಲಿ.

ಇಷ್ಟು ಹೇಳಿ ನಿಲ್ಲಿಸಿದರೆ ಈ ಸಂಪಾದಕೀಯ ಅರ್ಧ ಸತ್ಯವಾಗುತ್ತದೆ. ಅಷ್ಟಕ್ಕೂ, ಅಧಿಕಾರಿಯ ಮೇಜಿನ ಆಚೆ ನಿಂತಾಗ ನಮಗೆ ನೋವು ಕೊಡುವ ಅದೇ ಉತ್ತರವನ್ನು, ಮೇಜಿನ ಈಚೆ ಕುಳಿತಾಗ ನಾವು ಎಷ್ಟು ಸಲ ಕೊಟ್ಟಿಲ್ಲ? ಜಮಾಅತಿನ ವಂತಿಗೆ ಎಲ್ಲಿಗೆ ಹೋಯಿತು ಎಂದು ಯುವಕ ಕೇಳುತ್ತಾನೆ. 'ನಿನ್ನ ಅಪ್ಪನೇ ಕೇಳಿಲ್ಲ, ನೀನು ಯಾರು?' ಎನ್ನುತ್ತೇವೆ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದ ಮಗಳು, ತಾನು ಮುಂದೆ ಓದಬಹುದೇ ಎಂದು ಕೇಳುತ್ತಾಳೆ. 'ಓದಿ ಜಿಲ್ಲಾಧಿಕಾರಿ ಆಗಬೇಕಾ?' ಎಂದು ಇಡೀ ಮನೆ ನಗುತ್ತದೆ. ಸೊಸೆ ತನ್ನ ಮಹ್ರ್ ಎಲ್ಲಿ ಎಂದು ಕೇಳುತ್ತಾಳೆ. 'ಎಲ್ಲಿಗೆ ಓಡಿಹೋಗುತ್ತದೆ ಅದು?' ಎಂಬ ಉತ್ತರ ಬರುತ್ತದೆ. ಮೂವರೂ ತಮಗೆ ಬರಬೇಕಾದುದನ್ನೇ ಕೇಳಿದ್ದಾರೆ. ಮೂವರ ಪ್ರಶ್ನೆಯನ್ನೂ ನಗುವಿನಲ್ಲಿ ತೇಲಿಬಿಡಲಾಗಿದೆ. ವಿಪರ್ಯಾಸವೆಂದರೆ, ಎರಡನೆಯ ಸಲ ಕೇಳಿದರೆ ಉಡಾಫೆಯ ಹಣೆಪಟ್ಟಿ ಸಿಗುವುದು ಅವರಿಗೇ!

ಪವಿತ್ರ ಕುರ್‌ಆನಿನ 80ನೆಯ ಅಧ್ಯಾಯ 'ಅಬಸ' ಅವತೀರ್ಣಗೊಂಡ ಸಂದರ್ಭ ನಮ್ಮ ಮದ್ರಸಗಳ ಮಕ್ಕಳಿಗೂ ಗೊತ್ತು. ಪ್ರವಾದಿ ಮುಹಮ್ಮದ್(ಸ)ರು ಮಕ್ಕಾದ ಕುರೈಶ್ ನಾಯಕರೊಂದಿಗೆ ಮಾತಿನಲ್ಲಿದ್ದರು. ಅವರ ಮನಸ್ಸು ಒಲಿದರೆ ಊರೇ ಒಲಿದೀತೆಂಬ ಆಸೆ. ಆಗ ಅಬ್ದುಲ್ಲಾ ಬಿನ್ ಉಮ್ಮು ಮಕ್ತೂಮ್ ಎಂಬ ಅಂಧ ಅನುಯಾಯಿ ಬಂದು ಕಲಿಯಲು ಕೇಳಿದರು. ಪ್ರವಾದಿಯವರಿಗೆ ಅಡಚಣೆಯೆನಿಸಿ ಮುಖದಲ್ಲಿ ಗಂಟು ಮೂಡಿತು. ಅಲ್ಲಿ ಉಡಾಫೆಯ ಲವಲೇಶವೂ ಇರಲಿಲ್ಲ, ಉದ್ದೇಶ ಒಳ್ಳೆಯದೇ ಇತ್ತು. ಅಂಧರಾದ ಅವರಿಗೆ ಆ ಮುಖಭಾವ ಕಾಣಿಸಿಯೂ ಇರಲಿಲ್ಲ. ಆದರೂ ಅಲ್ಲಾಹನು ಎಚ್ಚರಿಸಿದನು, ಆ ಎಚ್ಚರಿಕೆ ಇಂದಿಗೂ ಪಠಿಸಲ್ಪಡುತ್ತಿದೆ. ಅದೇ ಉಮ್ಮು ಮಕ್ತೂಮ್‌ರ ಮಗ ಮುಂದೆ ಮದೀನಾದ ಮುಅದ್ದಿನ್ ಆದರು. ಕಾಣದ ಕಣ್ಣಿನ ಮುಂದೆ ಮೂಡಿದ ಒಂದು ಗಂಟಿಗೆ ಇಷ್ಟು ತೂಕವಿದ್ದರೆ, ಕಣ್ಣಲ್ಲಿ ಕಣ್ಣಿಟ್ಟು ಕೇಳುವ ಮಗಳ ಮುಂದೆ ನಾವು ನಗುವ ನಗುವಿಗೆ ಎಷ್ಟು ತೂಕವಿರಬೇಕು?

ಮೂರು ವಿಷಯಗಳಲ್ಲಿ ತಮಾಷೆಗೆ ಆಡಿದ ಮಾತೂ ನಿಜದ ಮಾತಾಗಿಯೇ ಪರಿಗಣಿಸಲ್ಪಡುತ್ತದೆ ಎಂಬ ಪ್ರವಾದಿ(ಸ)ರ ಬೋಧನೆಯನ್ನು ಅಬೂ ದಾವೂದ್ ಮತ್ತು ತಿರ್ಮಿದಿ ದಾಖಲಿಸಿದ್ದಾರೆ. ನಿಕಾಹ್, ತಲಾಕ್ ಮತ್ತು ತಲಾಕ್‌ನ ಬಳಿಕ ಪತ್ನಿಯನ್ನು ಮರಳಿ ಸ್ವೀಕರಿಸುವುದು, ಇವೇ ಆ ಮೂರು. ಇದರ ಉದ್ದೇಶ ಸ್ಪಷ್ಟ: ಒಬ್ಬ ಹೆಣ್ಣಿನ ಬದುಕು ಮಾತಿನ ಮೇಲೆ ನಿಂತಿರುವಲ್ಲಿ ಯಾರೂ ಹಗುರವಾಗಿ ಬಾಯಿ ತೆರೆಯಬಾರದು. ಆದರೆ ನಮ್ಮಲ್ಲಿ ಕೆಲವರು ಎಚ್ಚರಿಕೆಯನ್ನೇ ಅನುಮತಿಯಂತೆ ಓದಿಕೊಂಡರು. ಸಿಟ್ಟಿನಲ್ಲಿ, ಫೋನಿನಲ್ಲಿ, ಅಂಚೆಯ ಲಕೋಟೆಯಲ್ಲಿ ಮೂರು ಸಲ ಆ ಪದವನ್ನು ಎಸೆದು ಕೈತೊಳೆದುಕೊಂಡರು. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಇಂಥ ದಿಢೀರ್ ತಲಾಕನ್ನು ಬಹುಮತದಿಂದ ಅಸಿಂಧುಗೊಳಿಸಿತು. 2019ರಲ್ಲಿ ಸಂಸತ್ತು ಅದಕ್ಕೆ ಮೂರು ವರ್ಷಗಳವರೆಗಿನ ಜೈಲು ಶಿಕ್ಷೆಯ ಕಾನೂನು ಮಾಡಿತು. ಆ ಕಾನೂನಿನ ಹಿಂದಿನ ರಾಜಕೀಯದ ಬಗ್ಗೆ, ಪತಿಯನ್ನು ಜೈಲಿಗೆ ಕಳಿಸಿದರೆ ಪತ್ನಿಗೆ ಜೀವನಾಂಶ ಕೊಡುವವರಾರು ಎಂಬ ಬಗ್ಗೆ ಪ್ರಶ್ನಿಸಲು ನಮಗೆ ಹಕ್ಕಿದೆ. ಆದರೆ ಆ ಪ್ರಶ್ನೆಗೆ ತೂಕ ಬರಬೇಕಾದರೆ, ಅದಕ್ಕೂ ಮೊದಲಿನ ದಶಕಗಳಲ್ಲಿ ಸಂತ್ರಸ್ತ ಹೆಣ್ಣುಮಕ್ಕಳು ಜಮಾಅತಿನ ಬಾಗಿಲಿಗೆ ಬಂದಾಗ ನಾವು ಕೊಟ್ಟ ಉತ್ತರವೇನು ಎಂಬುದನ್ನೂ ನೆನೆಯಬೇಕು.

ಅಂಥದೊಂದು ಪ್ರಶ್ನೆಯನ್ನು ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬಾಳಿದ ಸಾರಾ ಅಬೂಬಕ್ಕರ್ 1980ರ ದಶಕದಲ್ಲೇ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ಮೂಲಕ ಕೇಳಿದ್ದರು. ಗಂಡಸರ ಹಟ ಮತ್ತು ಸಿಟ್ಟಿನ ನಡುವೆ ಉಚ್ಚರಿಸಲ್ಪಟ್ಟ ತಲಾಕ್ ಒಬ್ಬ ಎಳೆಯ ತಾಯಿಯ ಬದುಕನ್ನು ನುಂಗುವ ಕತೆಯದು. ಅದನ್ನು ಬರೆದುದಕ್ಕಾಗಿ ಅವರು ವಿರೋಧವನ್ನು ಎದುರಿಸಬೇಕಾಯಿತು. ಧರ್ಮವನ್ನು ಹಗುರವಾಗಿ ಕಂಡರೆಂಬ ಆರೋಪ ಬಂತು. ಅವರ ಎಲ್ಲ ನಿಲುವುಗಳನ್ನು ಒಪ್ಪಬೇಕೆಂದಿಲ್ಲ. ಆದರೆ ಆ ಕತೆಯಲ್ಲಿ ಹಗುರವಾಗಿ ನಡೆದುಕೊಂಡವರು ಯಾರು? ಮೂರು ಪದಗಳನ್ನು ತೂಗದೆ ಎಸೆದವರೋ, ಬಿದ್ದ ಜಾಗವನ್ನು ತೋರಿಸಿದ ಲೇಖಕಿಯೋ? 2023ರ ಜನವರಿಯಲ್ಲಿ ಅವರು ನಿಧನರಾದರು. ಅವರ ಪ್ರಶ್ನೆ ಉಳಿದುಕೊಂಡಿತು.

ಹಾಗಾದರೆ ಯುವಕರಲ್ಲಿ ಉಡಾಫೆಯೇ ಇಲ್ಲವೇ? ಖಂಡಿತ ಇದೆ. ತಂಗಿಯನ್ನು ಹಿಂದೆ ಕೂರಿಸಿಕೊಂಡು ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸಿ, ಕೇಳಿದರೆ 'ಸಾವು ಬರುವಾಗ ಬರುತ್ತದೆ' ಎನ್ನುವ ಹುಡುಗನದ್ದು ಉಡಾಫೆ. ಅಲ್ಲಿ ಆ ತಂಗಿಯ ಜೀವಕ್ಕೆ ಅವನೇ ಜವಾಬುದಾರ. ನಿಜವೋ ಸುಳ್ಳೋ ತಿಳಿಯದ ಸಂದೇಶವನ್ನು ಮೊಬೈಲಿನಲ್ಲಿ ನೂರು ಮಂದಿಗೆ ಕಳಿಸಿ, 'ನನಗೆ ಬಂದದ್ದನ್ನು ಕಳಿಸಿದೆ, ಅಷ್ಟೇ' ಎನ್ನುವುದು ಉಡಾಫೆ. ತನ್ನ ಬೆರಳಿಗೆ ಅವನೇ ಉತ್ತರ ಹೇಳಬೇಕು. ಆದರೆ ಲೆಕ್ಕ ಕೇಳುವುದು ಉಡಾಫೆಯಲ್ಲ. ಓದುತ್ತೇನೆ ಎನ್ನುವುದು ಉಡಾಫೆಯಲ್ಲ. ಬಿರುಸಾಗಿ ಕೇಳಿದರೆ ಅದನ್ನು ಅವಿನಯ ಎನ್ನೋಣ, ತಿದ್ದೋಣ. ತಿದ್ದಿದ ಬಳಿಕ ಪ್ರಶ್ನೆಗೆ ಉತ್ತರವನ್ನೂ ಕೊಡೋಣ. ಧ್ವನಿ ಒರಟಾಗಿತ್ತು ಎಂಬ ಕಾರಣಕ್ಕೆ ಲೆಕ್ಕಪತ್ರ ಸರಿಯಾಗಿಬಿಡುವುದಿಲ್ಲ.

ಈ ಮಾತನ್ನು ಬೇರೆಯವರಿಗೆ ಹೇಳುವಾಗ ನಮ್ಮ ಮೇಜನ್ನೂ ನೋಡಿಕೊಳ್ಳಬೇಕಾಗಿದೆ. ಕೆಲವು ತಿಂಗಳ ಹಿಂದೆ ತಾಯಿಯೊಬ್ಬರು ನಮಗೆ ಪತ್ರ ಬರೆದಿದ್ದರು. ಮಗಳನ್ನು ಗಂಡನ ಮನೆಯವರು ತವರಿಗೆ ಕಳಿಸಿದ್ದಾರೆ, ಚಿನ್ನವನ್ನು ಹಿಂತಿರುಗಿಸುತ್ತಿಲ್ಲ, ಯಾರ ಬಳಿ ಹೋಗಲಿ ಎಂಬುದು ಅವರ ಪ್ರಶ್ನೆ. ನಾವು ಓದುಗರ ವಿಭಾಗದಲ್ಲಿ ಸಹನೆಯ ಮಹತ್ವದ ಕುರಿತು ನಾಲ್ಕು ಸಾಲು ಬರೆದು ಮುಗಿಸಿದೆವು. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅವರು ಸಹನೆಯ ಬಗ್ಗೆ ಕೇಳಿರಲಿಲ್ಲ. ಎಲ್ಲಿಗೆ ಹೋಗಬೇಕೆಂದು ಕೇಳಿದ್ದರು. ಉಡಾಫೆಗೆ ನಗುಮುಖವೇ ಬೇಕೆಂದಿಲ್ಲ, ಅದು ಉಪದೇಶದ ವೇಷದಲ್ಲೂ ಬರುತ್ತದೆ ಎಂಬುದು ಆ ಪತ್ರವನ್ನು ಮತ್ತೊಮ್ಮೆ ಓದಿದಾಗ ನಮಗೆ ಅರ್ಥವಾಯಿತು. ಅವರ ಕ್ಷಮೆ ಕೋರಿ, ತಾಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ ವಕೀಲರ ನೆರವು ಉಚಿತವಾಗಿ ಸಿಗುತ್ತದೆಂಬ ಮಾಹಿತಿಯೊಂದಿಗೆ ಈ ವಾರ ಅವರಿಗೆ ಉತ್ತರ ಬರೆದಿದ್ದೇವೆ.

ಮುಂದಿನ ಜುಮಾದ ಬಳಿಕ ಮಸೀದಿಯ ಅಂಗಳದಲ್ಲಿ ಯಾರಾದರೂ ಹುಡುಗ ಲೆಕ್ಕ ಕೇಳಿದರೆ, ಹಿರಿಯರು ಒಂದು ಕ್ಷಣ ತಡೆದು ಯೋಚಿಸಲಿ. ಕುರ್ಚಿಯಲ್ಲಿ ಕುಳಿತವರು ಯಾರು, ಎದುರು ನಿಂತವರು ಯಾರು? ಉತ್ತರ ಯಾರ ಬಳಿ ಇದೆ? ಇಷ್ಟನ್ನು ಕೇಳಿಕೊಂಡರೆ ಉಡಾಫೆ ಎಂಬ ಪದ ಯಾರಿಗೆ ಸಲ್ಲುತ್ತದೆಂದು ಯಾವ ನಿಘಂಟನ್ನೂ ನೋಡಬೇಕಾಗಿಲ್ಲ. ಆ ಹುಡುಗನಿಗೆ ಲೆಕ್ಕದ ಪುಸ್ತಕವನ್ನು ತೋರಿಸಿದರೆ ಸಾಕು.